ಅಂಗಡಿ ಆಯ್ತು

ಚೂಟಿಯ ಅಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಕ್ಕಳ ವಾರ್ಡಿನ ಹೊರಗಿದ್ದ ಬೆಂಚಿನಿಂದ ಏಳುವುದು, ನೀರಿನ ನಲ್ಲಿಯ ತನಕ ಹೋಗುವುದು, ಕುಡಿಯದೆ ವಾಪಸ್ ಬರುವುದು, ಇದೇ ಆಗಿತ್ತು. ಬಲಗೈ ಬೆರಳುಗಳು ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದವು.

"ರೀ, ಆ ಕೈಯನ್ನಾದ್ರೂ ಜೇಬಿಗೆ ಹಾಕ್ಕೊಳ್ಳಿ. ನೋಡಿ ನೋಡಿ ತಲೆ ಸುತ್ತುತ್ತೆ," ಎಂದಳು ಹೆಂಡತಿ.

ಹಾಕಿಕೊಂಡ. ಜೇಬಿನೊಳಗೂ ಅವು ಸುಮ್ಮನಿರಲಿಲ್ಲ.

ಅವನದು ಕಟಿಂಗ್ ಅಂಗಡಿ. ಅತ್ತು ರಂಪ ಮಾಡುವ ಮಕ್ಕಳ ತಲೆ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಕುರ್ಚಿಯ ಮೇಲೆ ಹಲಗೆ ಹಾಕಿ ಮಗುವನ್ನು ಕೂರಿಸಿದ್ದೇ ತಡ, "ಆಯ್ತು ಆಯ್ತು, ಇನ್ನೇನು ಆಯ್ತು" ಎಂದು ರಾಗ ಎಳೆಯುತ್ತಿದ್ದ. ಆಗಿನ್ನೂ ಒಂದು ಕೂದಲೂ ಉದುರಿರುತ್ತಿರಲಿಲ್ಲ. ಹಸಿ ಸುಳ್ಳು, ನಿಜ. ಆದರೆ ಅದರಿಂದ ಯಾರ ಗಂಟೇನೂ ಹೋಗುತ್ತಿರಲಿಲ್ಲ. ನಾಲ್ಕು ವರ್ಷದ ಚೂಟಿ ಆ ಅಂಗಡಿಯ ಮೂಲೆಯ ಸ್ಟೂಲಿನ ಮೇಲೇ ಬೆಳೆದವಳು. ಮೋಸ ಹೋದ ಮಕ್ಕಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಆಮೇಲೆ ಬಿಡದ ಜ್ವರ ಬಂತು. ಎಲ್ಲೂ ಬಿದ್ದಿರದಿದ್ದರೂ ಕಾಲಿನ ತುಂಬ ನೀಲಿ ಕಲೆಗಳಾದವು. ರಕ್ತ ಪರೀಕ್ಷೆಯಾಯಿತು, ಅದರ ಮೇಲೆ ಇನ್ನೊಂದಾಯಿತು, ಕೊನೆಗೆ ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೂರಿಸಿ ಹೇಳಿದರು: ರಕ್ತದ ಕ್ಯಾನ್ಸರ್. ವಾಸಿಯಾಗುವಂಥದ್ದೇ, ಆದರೆ ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕು, ನಡುವೆ ತಪ್ಪಬಾರದು. ಕೂದಲು ಉದುರುತ್ತೆ ಎಂದಾಗ ಹೆಂಡತಿ ಅತ್ತಳು, ಅವನು ಅಳಲಿಲ್ಲ. ಕೂದಲು ಮತ್ತೆ ಬರುತ್ತದೆ, ಆ ಧೈರ್ಯ ಅವನಿಗಿತ್ತು. ಮಿಕ್ಕ ಯಾವುದರ ಬಗ್ಗೆಯೂ ಇರಲಿಲ್ಲ.

ಬೆನ್ನಿಗೆ ಸೂಜಿ ಚುಚ್ಚಿ ಔಷಧಿ ಹಾಕಬೇಕಿತ್ತು. ಮೊದಲ ಸಲ ಮಗಳನ್ನು ಮುದುರಿಸಿ ಹಿಡಿದುಕೊಂಡವನ ಬಾಯಿಂದ ಅಭ್ಯಾಸಬಲದಿಂದ "ಆಯ್ತು ಆಯ್ತು" ಎಂದು ಬಂದುಬಿಟ್ಟಿತು. ಡಾಕ್ಟರಮ್ಮ ಇನ್ನೂ ಸೂಜಿಯನ್ನೇ ಎತ್ತಿರಲಿಲ್ಲ. ಊರ ಮಕ್ಕಳಿಗೆ ಹೇಳುವ ಸುಳ್ಳನ್ನು ಅಪ್ಪ ತನಗೂ ಹೇಳಿಯಾನೆಂದು ಆ ಮಗುವಿಗೇನು ಗೊತ್ತು? ಆಯ್ತೆಂದು ಮೈ ಸಡಿಲ ಬಿಟ್ಟು, ಇಳಿಯಲು ಕಾಲು ಚಾಚಿದಳು. ಸೂಜಿ ಚುಚ್ಚಿದ್ದು ಆಗ. ಕಿರುಚಿ ಕೊಸರಾಡಿದ್ದಕ್ಕೆ ಮತ್ತೊಮ್ಮೆ ಚುಚ್ಚಬೇಕಾಯಿತು. ಅಂದಿನಿಂದ ಅವಳು ಅಪ್ಪನ ಕೈಗೇ ಬರಲಿಲ್ಲ. ಮುಂದಿನ ಸಲ ಅಮ್ಮ ಹಿಡಿದುಕೊಂಡಳು; ಚೂಟಿ ಒದ್ದಾಡಿದ ರಭಸಕ್ಕೆ ಚುಚ್ಚಲಾಗಲೇ ಇಲ್ಲ, ಔಷಧಿ ತಪ್ಪಿಹೋಯಿತು. "ಇವತ್ತೂ ತಪ್ಪಿದ್ರೆ ಕಷ್ಟ," ಎಂದು ಈ ದಿನ ಬೆಳಿಗ್ಗೆಯೇ ಹೇಳಿದ್ದರು ಡಾಕ್ಟರಮ್ಮ.

ನರ್ಸ್ ಕರೆದಳು. ಇಬ್ಬರೂ ಒಳಗೆ ಹೋದರು. ಚೂಟಿ ಮಂಚದ ಮೇಲೆ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಅಪ್ಪನ ಹಾಳು ನಾಲಿಗೆ, ಮತ್ತೆ ಅದೇ ಮಾತು.

"ಆಯ್ತು ಪುಟ್ಟಾ, ಇನ್ನೇನು..."

"ಅದು ಅಂಗಡಿ ಆಯ್ತು," ಎಂದಳು ಚೂಟಿ. "ನಂಗೊತ್ತು."

ನರ್ಸಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ಹೌದು ಕಣೆ, ಅದು ಅಂಗಡೀದು," ಎಂದ. "ಇಲ್ಲಿ ಇನ್ನೂ ಶುರುನೇ ಆಗಿಲ್ಲ. ಚುಚ್ತಾರೆ. ನೋವಾಗುತ್ತೆ."

ಹೆಂಡತಿ ಕಣ್ಣಲ್ಲೇ ಗದರಿದಳು.

"ತುಂಬಾನಾ?" ಎಂದಳು ಚೂಟಿ.

"ತುಂಬಾನೇ. ಆಮೇಲೆ ಕಮ್ಮಿ ಆಗುತ್ತೆ. ಅಲ್ಲಾಡಿದ್ರೆ ಮಾತ್ರ ಇನ್ನೊಂದ್ಸಲ ಚುಚ್ಬೇಕು."

ಚೂಟಿ ಅವನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿದಳು. ಅವನು ಬಾಚಿ ಹಿಡಿದ. "ಈಗ ಒರೆಸ್ತಾರೆ, ತಣ್ಣಗಿರುತ್ತೆ. ಈಗ ಸೂಜಿ." ಗಂಟಲು ಹರಿಯುವಂತೆ ಅತ್ತಳು, ಅವನ ಅಂಗಿ ಕಚ್ಚಿದಳು, ಬೆನ್ನನ್ನು ಮಾತ್ರ ಅಲ್ಲಾಡಿಸಲಿಲ್ಲ. ಅವನಿಗೂ ಅಳು ಬಂತು, ತಡೆಯಲು ಹೋಗಲಿಲ್ಲ.

"ಮುಗೀತು," ಎಂದರು ಡಾಕ್ಟರಮ್ಮ. ಚೂಟಿ ಅವರ ಮಾತಿಗೆ ಸೊಪ್ಪು ಹಾಕದೆ ಅಪ್ಪನ ಕಡೆ ನೋಡಿದಳು.

"ಇವತ್ತಿಂದು ಮುಗೀತು," ಎಂದ ಅವನು. "ಮತ್ತೆ ಬರ್ಬೇಕು."

"ಎಷ್ಟು ಸಲ?"

"ತುಂಬಾ ಸಲ."

ಅವನ ಕೆನ್ನೆಗೆ ಒಂದು ಬಿಟ್ಟಳು. ಪಾಪ, ಅದರಲ್ಲಿ ಬಲವೇ ಇರಲಿಲ್ಲ. ಅದೇ ಕೈಯಿಂದ ಅವನ ಕಾಲರ್ ಹಿಡಿದುಕೊಂಡಳು.

"ಹಂಗಾದ್ರೆ ನೀನೇ ಹಿಡ್ಕೋಬೇಕು. ಅಮ್ಮ ಬೇಡ. ಅಮ್ಮ ನೋವಾಗಲ್ಲ ಅಂತಾಳೆ."