ಕೋಚ್‌ರ ಹೆಂಡತಿಯ ನೌಕರಿ

ದಾನಮ್ಮನಿಗೆ ನೌಕರಿ ಸಿಕ್ಕಾಗ ಅವಳಿಗೆ ನಲವತ್ತೊಂದು ವರ್ಷ. ಅದಕ್ಕೂ ಮೊದಲು ಎಂಟು ವರ್ಷ ಅದೇ ಕೆಲಸವನ್ನು ಪಗಾರವಿಲ್ಲದೆ ಮಾಡಿಕೊಂಡು ಬಂದಿದ್ದಳು.

ಗಂಡ ಲಕ್ಷ್ಮಪ್ಪ ವಿಶ್ವವಿದ್ಯಾಲಯದ ಸೈಕ್ಲಿಂಗ್ ಕೋಚ್. ಬಾಗಲಕೋಟೆಯ ನವನಗರದಲ್ಲಿ ಇನ್ನೂ ಅರ್ಧ ಸೈಟುಗಳು ಖಾಲಿ ಇದ್ದ ಕಾಲಕ್ಕೆ ವಿಶ್ವವಿದ್ಯಾಲಯ ಅಲ್ಲೊಂದು ತರಬೇತಿ ಕೇಂದ್ರ ತೆರೆಯಿತು. ಕೇಂದ್ರ ಅಂದರೆ ಎರಡು ತಗಡಿನ ಶೆಡ್ಡು, ಹದಿನಾಲ್ಕು ಸೈಕಲ್ಲು, ಸೈಕಲ್ ರಿಪೇರಿಗೆ ಮಲೀಕಸಾಬ. ಮೊದಲು ಹುಡುಗರ ತಂಡ ಇತ್ತು. ಎರಡನೇ ವರ್ಷ ಹುಡುಗಿಯರು ಬಂದರು. ಹುಡುಗಿಯರನ್ನು ಹೊರ ಊರಿಗೆ ಕಳಿಸಬೇಕಾದರೆ ಜೊತೆಗೆ ಒಬ್ಬ ಹೆಣ್ಣುಮಗಳು ಇರಲೇಬೇಕು ಎಂದು ಅವರ ಮನೆಯವರು ಪಟ್ಟು ಹಿಡಿದಾಗ ಲಕ್ಷ್ಮಪ್ಪ ಮನೆಗೆ ಬಂದು, "ಎರಡು ಸೀರಿ ಚೀಲಕ್ಕ ಹಾಕ್ಕೋ, ನಾಳೆ ಹೋಗೂದೈತಿ," ಎಂದ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಅಂದಿನಿಂದ ದಾನಮ್ಮ ತಂಡದ ಹಿಂದೆ ಟೆಂಪೋದಲ್ಲಿ ಕೂತು ಧೂಳು ತಿಂದಳು. ಬೆಳಗಿನ ಐದಕ್ಕೆ ಹುಡುಗಿಯರು ಹುನಗುಂದದ ರಸ್ತೆ ಹಿಡಿದರೆ ಶಿರೂರು, ಅಮೀನಗಡ ದಾಟಿ ವಾಪಸು ಬರುವಷ್ಟರಲ್ಲಿ ಒಂಬತ್ತು ದಾಟುತ್ತಿತ್ತು. ಅಷ್ಟರಲ್ಲಿ ಅವಳು ಗ್ಲೂಕೋಸಿನ ನೀರು ಕೊಟ್ಟು, ತೊಡೆ ಹಿಡಿದುಕೊಂಡವಳ ಕಾಲು ತಿಕ್ಕಿ, ಹೊಟ್ಟೆನೋವೆಂದು ಕೋಚ್‌ಗೆ ಹೇಳಲಾರದವಳನ್ನು ಟೆಂಪೋ ಹತ್ತಿಸಿಕೊಳ್ಳುತ್ತಿದ್ದಳು. ಊಟ, ಒಗೆತ, ಔಷಧಿ ಎಲ್ಲ ಅವಳ ಮೇಲೆ. ಹುಡುಗಿಯರು ಅವಳನ್ನು ಕಾಕಿ ಎಂದು ಕರೆಯುತ್ತಿದ್ದರು. ಅವಳಿಗೆ ಮಾತ್ರ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಕಲಿಯುವ ವಯಸ್ಸಿನಲ್ಲಿ ಕುಳಗೇರಿ ಕ್ರಾಸಿನ ತವರಲ್ಲಿ ಕುರಿ ಕಾಯುತ್ತಿದ್ದಳು, ಆಮೇಲೆ ಯಾರೂ ಕಲಿಸಲಿಲ್ಲ.

ಆ ಹುಡುಗಿಯರಲ್ಲಿ ಅನುರಾಧಾ ಒಬ್ಬಳು. ಇಳಕಲ್ಲಿನ ನೇಕಾರರ ಮಗಳು. ಅಪ್ಪ ರಾಮಲಿಂಗಪ್ಪ ಮಗ್ಗದ ಕುಣಿಯಿಂದ ಮೇಲೇಳುವುದೇ ಅಪರೂಪ, ಅವ್ವ ಶೇಖವ್ವ ನೂಲಿನ ಕಂಡಿಕೆ ಸುತ್ತುತ್ತಲೇ ಮಾತಾಡುವವಳು. ತಂಡಕ್ಕೆ ಬಂದ ಎರಡನೇ ವರ್ಷದಲ್ಲಿ ಅಮೀನಗಡದ ಆಚೆ ಎಮ್ಮೆ ಅಡ್ಡ ಬಂದು ಅನುರಾಧಾ ಬಿದ್ದು ಭುಜದ ಎಲುಬು ಮುರಿದುಕೊಂಡಳು. ಇಳಕಲ್ಲಿನ ಮನೆಯಲ್ಲಿ ಮಗ್ಗ ಬಿಟ್ಟರೆ ಮಲಗಲು ಜಾಗವಿರಲಿಲ್ಲ. ಆರು ವಾರ ದಾನಮ್ಮನ ಮನೆಯಲ್ಲೇ ಇದ್ದಳು. ಕೈ ಎತ್ತಲಾಗದ ಅವಳಿಗೆ ದಿನಾ ದಾನಮ್ಮನೇ ತಲೆ ಬಾಚಿ ಹೆರಳು ಹಾಕಿದಳು. ವಾಸಿಯಾದ ಮೇಲೆ ಅನುರಾಧಾ ಎರಡು ವರ್ಷ ತಂಡಕ್ಕೆ ಮೆಡಲ್ ತಂದಳು. ಬಿ.ಪಿ.ಎಡ್. ಮಾಡಿದಳು. ಪಟಿಯಾಲಾಕ್ಕೆ ಹೋಗಿ ಆರು ವಾರದ ಕೋಚಿಂಗ್ ಸರ್ಟಿಫಿಕೇಟು ತಂದಳು. ಅದನ್ನು ಮೊದಲು ತೋರಿಸಿದ್ದೂ ದಾನಮ್ಮನಿಗೇ.

ಎರಡು ಸಾವಿರದ ಎರಡನೆಯ ಇಸವಿ, ಜೂನ್ ತಿಂಗಳು. ಮಹಿಳಾ ತಂಡಕ್ಕೆ ಸಹಾಯಕ ಕೋಚ್ ಒಂದು ಹುದ್ದೆ ಎಂದು ಪೇಪರಿನಲ್ಲಿ ಬಂತು. ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು, ಜೊತೆಗೆ ತರಬೇತಿ ಸರ್ಟಿಫಿಕೇಟು ಇಲ್ಲವೆ ಆರು ವರ್ಷ ಕಲಿಸಿದ ಅನುಭವ ಬೇಕು. ಅನುರಾಧಾ ಅರ್ಜಿ ತುಂಬಿಕೊಂಡು ಮನೆಗೇ ಬಂದಳು. ಲಕ್ಷ್ಮಪ್ಪ ಅದನ್ನು ಓದಿ, ಒಂದೆಡೆ ತಾರೀಕು ತಿದ್ದಿಸಿದ. ಅವಳು ಚಹಾ ಕುಡಿದು ಹೋದ ಮೇಲೆ ಹೆಂಡತಿಗೆ, "ನೀನೂ ಹಾಕು," ಎಂದ.

"ಅನುರಾಧಾ ಈಗ ಹಾಕಿ ಹೋದ್ಲಲ್ರಿ?"

"ಆಕಿ ಸಣ್ಣಾಕಿ. ಮುಂದ ಇನ್ನೊಂದು ಪೋಸ್ಟ್ ಬರತೈತಿ. ನೀ ಎಂಟು ವರ್ಷ ದುಡದೀದಿ. ಅದನ್ನ ಯಾರರೆ ಒಂದು ಹಾಳ್ಯಾಗ ಬರದಾರೇನು?"

ಯಾರೂ ಬರೆದಿರಲಿಲ್ಲ. ತಂಡದ ಫೋಟೋಗಳಲ್ಲೂ ಅವಳು ಇರಲಿಲ್ಲ, ಫೋಟೋ ತೆಗೆಯುವಾಗ ಎಲ್ಲರ ಚೀಲ ಕಾಯುತ್ತಾ ನಿಂತಿರುತ್ತಿದ್ದಳು. ಅವಳು ಬೇಡ ಎನ್ನಲಿಲ್ಲ. ಎಸ್.ಎಸ್.ಎಲ್.ಸಿ. ಹೇಗೋ ಮುಗಿಸಿದ್ದಳು, ಕಲಿಸಿದ ಅನುಭವಕ್ಕೆ ಮಾತ್ರ ಕಾಗದ ಬೇಕಿತ್ತು.

ಅನುಭವದ ಪತ್ರ ಅವಳ ತಮ್ಮ ಮುತ್ತುರಾಜ ಕೊಟ್ಟ. ಕುಳಗೇರಿ ಕ್ರಾಸಿನ ಯುವಕ ಸಂಘಕ್ಕೆ ಅವನು ಕಾರ್ಯದರ್ಶಿ. ಶ್ರೀಮತಿ ದಾನಮ್ಮನವರು ನಮ್ಮ ಸಂಘದಲ್ಲಿ ಆರು ವರ್ಷ ಹೆಣ್ಣುಮಕ್ಕಳಿಗೆ ಸೈಕಲ್ ತರಬೇತಿ ಕೊಟ್ಟಿರುತ್ತಾರೆ ಎಂದು ಬರೆದು ಶಿಕ್ಕಾ ಒತ್ತಿದ. ಆ ಸಂಘದಲ್ಲಿ ಇದ್ದದ್ದು ಒಂದು ಕೇರಂ ಬೋರ್ಡು, ಗೋಡೆಗೆ ಬೀರಪ್ಪನ ಫೋಟೋ. ಹೆಣ್ಣುಮಕ್ಕಳು ಅದರ ಹೊಸ್ತಿಲು ದಾಟಿದ್ದೇ ಇಲ್ಲ. ದಾನಮ್ಮ ಪತ್ರವನ್ನು ಓದಿ, ಅದನ್ನು ಲಗತ್ತಿಸಿದ ಅರ್ಜಿಯ ಕೆಳಗೆ ತೋರಿಸಿದ ಕಡೆ ಸಹಿ ಹಾಕಿದಳು.

ಸಂದರ್ಶನಕ್ಕೆ ಮೂರು ಜನರ ಸಮಿತಿ, ಅದರಲ್ಲಿ ಲಕ್ಷ್ಮಪ್ಪನೂ ಒಬ್ಬ. ಹೆಂಡತಿ ಒಳಗೆ ಬಂದಾಗ ನಿಯಮಕ್ಕೆಂದು ಅವನು ಎದ್ದು ವರಾಂಡದಲ್ಲಿ ಐದು ನಿಮಿಷ ನಿಂತ. ಆಮೇಲೆ ಒಳಗೆ ಹೋಗಿ ಉಳಿದಿಬ್ಬರ ಜೊತೆ ಚಹಾ ಕುಡಿದ. ಸಂದರ್ಶನಕ್ಕೆ ಬಂದವರು ಮೂವರು. ಅನುರಾಧಾ ಬಂದಿರಲಿಲ್ಲ.

ವಾರದ ಮೇಲೆ ಅವಳು ಬಾಗಿಲಲ್ಲಿ ಬಂದು ನಿಂತಳು. "ಕಾಕಿ, ನನಗ ಇಂಟರ್‌ವ್ಯೂ ಕಾರ್ಡ ಬರಲಿಲ್ರಿ."

"ಪೋಸ್ಟಿನ್ಯಾಗ ಎಲ್ಲೆರೆ ತಪ್ಪಿರಬೇಕವಾ," ಎಂದಳು ದಾನಮ್ಮ. ಹಿಂದಿನ ದಿನವೇ ಶೆಡ್ಡಿನಲ್ಲಿ ಗಂಡನ ಮೇಜಿನ ಡ್ರಾದಲ್ಲಿ ಪಂಕ್ಚರಿನ ಸಾಮಾನು ಹುಡುಕುವಾಗ ಅನುರಾಧಾಳ ವಿಳಾಸ ಬರೆದ ಲಕೋಟೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಸ್ಟಾಂಪು ಹಚ್ಚಿತ್ತು, ಪೋಸ್ಟಿಗೆ ಹೋಗಿರಲಿಲ್ಲ.

ಅನುರಾಧಾ ಒಳಗೆ ಬರಲಿಲ್ಲ. ನೀರೂ ಕೇಳಲಿಲ್ಲ.

ನೌಕರಿ ಚೆನ್ನಾಗಿಯೇ ಇತ್ತು ಎನ್ನಬೇಕು. ಕೆಲಸ ಬದಲಾಗಲಿಲ್ಲ. ಅದೇ ಟೆಂಪೋ, ಅದೇ ಗ್ಲೂಕೋಸು. ಆದರೆ ಬೆಳಿಗ್ಗೆ ಹೋದ ಕೂಡಲೇ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ಖಾಲಿ ಚೌಕ ಇರುತ್ತಿತ್ತು. ಅದರಲ್ಲಿ ಸಹಿ ಹಾಕುವಾಗ ಪೆನ್ನನ್ನು ಬೇಕೆಂದೇ ನಿಧಾನ ನಡೆಸುತ್ತಿದ್ದಳು. ರಜೆ ಬೇಕಾದರೆ ರಜೆಚೀಟಿ ಬರೆಯಬೇಕಿತ್ತು. ಒಂದು ಸಲ ಸುಮ್ಮನೆ ರಜೆ ಬರೆದು ಬಾದಾಮಿಗೆ ಹೋಗಿ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಅರ್ಧ ದಿನ ಕೂತು ಬಂದಳು. ಅವಳ ಬದುಕಿನಲ್ಲಿ ಅದು ಮೊದಲ ರಜೆ.

ಮರುವರ್ಷ ಮೇ ತಿಂಗಳಲ್ಲಿ ನೋಟೀಸು ಬಂತು. ಅನುರಾಧಾ ವಿಶ್ವವಿದ್ಯಾಲಯಕ್ಕೆ ದೂರು ಬರೆದಿದ್ದಳು. ದೂರಿನ ಪ್ರತಿಯನ್ನು ಲಕ್ಷ್ಮಪ್ಪ ಮೇಜಿನ ಮೇಲೆ ಒಗೆದು, "ನೋಡು ನಿನ್ನ ಮಗಳ ಉಪಕಾರ," ಎಂದು ಸ್ನಾನಕ್ಕೆ ಹೋದ. ದಾನಮ್ಮ ಓದಿದಳು. ಕೋಚ್ ತಾವೇ ಆಯ್ಕೆ ಸಮಿತಿಯಲ್ಲಿ ಕೂತು ಸ್ವಂತ ಹೆಂಡತಿಯನ್ನು ತೆಗೆದುಕೊಂಡಿದ್ದಾರೆ. ಅನುಭವದ ಪತ್ರ ಸುಳ್ಳು. ಅಲ್ಲಿಯವರೆಗೂ ಎಲ್ಲ ಖರೆ. ಕೊನೆಯ ಸಾಲು, 'ಸದರಿಯವರು ಅಡುಗೆ ಮಾಡಲು ಮತ್ತು ಬಟ್ಟೆ ಒಗೆಯಲು ಮಾತ್ರ ಬಲ್ಲವರಾಗಿದ್ದು ಕ್ರೀಡೆಯ ಗಂಧವೂ ಇರುವುದಿಲ್ಲ.'

ಅದನ್ನು ಎರಡು ಸಲ ಓದಿದಳು. ಯಾವನೋ ವಕೀಲನ ಕೈಲಿ ಬರೆಸಿರಬೇಕು, ಆ ಹುಡುಗಿಯ ಮಾತು ಹೀಗಿಲ್ಲ ಅಂದುಕೊಂಡಳು. ಆದರೂ ಅಡುಗೆ, ಒಗೆತದ ಮಾತು ವಕೀಲನಿಗೆ ಹೇಳಿದವರಾರು?

ಲಕ್ಷ್ಮಪ್ಪ ಕೆಟ್ಟ ಮನುಷ್ಯನಲ್ಲ. ಟೈರಿಗೆ ದುಡ್ಡು ಬರದಿದ್ದಾಗ ತನ್ನ ಪಗಾರ ಹಾಕಿ ಹುಡುಗರನ್ನು ಓಡಿಸಿದವನು. ಮಲೀಕಸಾಬನ ಮುಂದೆ ಅವನು ಅಂದದ್ದು ದಾನಮ್ಮ ಕೇಳಿಸಿಕೊಂಡಿದ್ದಳು. "ಹ್ಯಾಂಡ್‌ಬಾಲ್ ಕೋಚ್ ಅಳಿಯನ್ನ ತಗೊಂಡಾನ. ಖೋಖೋದಾಂವ ತಮ್ಮನ್ನ ತಗೊಂಡಾನ. ನಾ ಒಬ್ಬಾಂವ ಕಣ್ಣಿಗೆ ಬಿದ್ನೇನು?"

ಮಲೀಕಸಾಬ ಚಕ್ರ ತಿರುಗಿಸಿ ಕಡ್ಡಿ ಬಿಗಿಯುತ್ತಾ, "ನೀವು ಕಲಿಸಿದ ಹುಡುಗಿ ಬರದಾಳ್ರಿ ಸರ. ಅದಕ್ಕ ಕಣ್ಣಿಗೆ ಬಿತ್ತು," ಎಂದ.

ಮೂರು ದಿನ ಬಿಟ್ಟು ಲಕ್ಷ್ಮಪ್ಪ ಟೈಪು ಮಾಡಿಸಿದ ಉತ್ತರ ತಂದ. ಎರಡು ಪ್ರತಿ, ಒಂದು ಅವನದು, ಒಂದು ಅವಳದು. ದಾನಮ್ಮ ತನ್ನದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಅನುಭವದ ಪತ್ರ ನಿಜವಾದದ್ದು ಎಂದಿತ್ತು. ಓದುತ್ತಾ ಹೋದಳು. ದೂರುದಾರಳ ನಡತೆ ಸರಿ ಇರಲಿಲ್ಲ, ಹುಡುಗರ ಜೊತೆ ತಿರುಗುತ್ತಿದ್ದಳು, ತಾನು ಬುದ್ಧಿ ಹೇಳಿದ್ದಕ್ಕೆ ಸೇಡಿನಿಂದ ಬರೆದಿದ್ದಾಳೆ ಎಂದಿತ್ತು.

"ಇದು ಯಾಕ್ರಿ?"

"ವಕೀಲರು ಹೇಳ್ಯಾರ. ಹಿಂಗ ಬರದ್ರ ಕೇಸ್ ಸಡಲ ಆಗತೈತಿ."

"ಆಕಿ ಆರು ವಾರ ನನ್ನ ಮಗ್ಗಲದಾಗ ಮಲಗಿದಾಕಿ. ಇಳಕಲ್ಲಿನ್ಯಾಗ ಆಕಿಗೆ ವರಾ ನೋಡಾಕತ್ತಾರ."

"ಅದಕ್ಕ ನಾ ಏನ ಮಾಡ್ಲಿ? ಆಕಿ ನಮ್ಮ ಅನ್ನಕ್ಕ ಕಲ್ಲು ಹಾಕಿಲ್ಲೇನು? ಸಹಿ ಮಾಡು."

"ನಾ ಮಾಡಂಗಿಲ್ಲ," ಎಂದಳು ದಾನಮ್ಮ. ಜಗಳದ ದನಿ ಅದಾಗಿರಲಿಲ್ಲ. ದಿನವಿಡೀ ಟೆಂಪೋದಲ್ಲಿ ಕುಲುಕಿ ಬಂದವರು ಇನ್ನು ಊಟ ಬೇಡ ಎನ್ನುವ ಹಾಗೆ ಇತ್ತು. ಲಕ್ಷ್ಮಪ್ಪ ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಹೊರಗೆ ಹೋದ. ಮರುದಿನ ತನ್ನ ಪ್ರತಿಯನ್ನಷ್ಟೇ ಕಳಿಸಿದ. ಅದರಲ್ಲಿ ಆ ಮಾತು ಹಾಗೇ ಇತ್ತು.

ವಿಚಾರಣೆಗೆ ಬಂದವರು ಸಂಗಯ್ಯ ಎಂಬ ಅಧಿಕಾರಿ, ನಿವೃತ್ತಿ ಹತ್ತಿರವಿದ್ದವರು. ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೂತಿದ್ದರು. ಅವರಿಗೂ ಸಾಕಾಗಿತ್ತು, ಆ ವಾರ ಇದು ಅವರ ನಾಲ್ಕನೆಯ ಕೇಸು. ದಾನಮ್ಮನನ್ನು ಒಬ್ಬಳನ್ನೇ ಕರೆದು ಕೂರಲು ಸ್ಟೂಲು ತೋರಿಸಿದರು.

"ಕುಳಗೇರಿ ಕ್ರಾಸಿನ್ಯಾಗ ವಾರಕ್ಕ ಎಷ್ಟು ದಿನ ಕಲಸ್ತಿದ್ರಿ?"

"ಕಲಿಸಿಲ್ರಿ. ನನಗ ಸೈಕಲ್ ಹೊಡ್ಯಾಕ ಬರಂಗಿಲ್ಲ."

ಸಂಗಯ್ಯ ಪೆನ್ನು ಕೆಳಗಿಟ್ಟರು. "ಮತ್ತ ಸಹಿ?"

"ನಂದಽ. ಓದಿ ಹಾಕೀನಿ."

"ದೂರಿನ್ಯಾಗ ಅಡಗಿ ಮಾಡೂದು, ಅರಬಿ ಒಗಿಯೂದು ಅಷ್ಟಽ ಗೊತ್ತು ಅಂತ ಐತಿ."

"ಅದು ಖರೆ ಐತ್ರಿ. ಅಷ್ಟಽ ಅಲ್ಲ. ಆದ್ರ ಉಳಿದದ್ದಕ್ಕ ಹೆಸರ ಏನಂತ ನನಗ ಗೊತ್ತಿಲ್ಲ."

ಅವರು ಗಂಡನ ಉತ್ತರ ತೆಗೆದು ನಡತೆಯ ಸಾಲನ್ನು ಓದಿ ಹೇಳಿದರು. ದಾನಮ್ಮ ಅದು ಸುಳ್ಳು ಎಂದಳು. ಎಂಟು ವರ್ಷದಲ್ಲಿ ತಾನು ಕಂಡ ಹುಡುಗಿಯರಲ್ಲಿ ಅವಳಷ್ಟು ತಲೆ ತಗ್ಗಿಸಿ ಕೆಲಸ ಮಾಡಿದವರಿಲ್ಲ, ಇದನ್ನು ಬರೆದುಕೊಳ್ಳಿ ಎಂದಳು. ಸಂಗಯ್ಯ ಬರೆದುಕೊಂಡರು.

"ಆಕಿಗೆ ಇಂಟರ್‌ವ್ಯೂ ಕಾರ್ಡ ಹೋಗಿತ್ತೇನ್ರಿ?"

ಕಿಟಕಿಯಾಚೆ ಲಕ್ಷ್ಮಪ್ಪ ಬೇವಿನ ಗಿಡದ ಕೆಳಗೆ ನಿಂತಿದ್ದ. ಅವನ ಅಂಗಿಯ ಹಿಂಭಾಗ ಬೆವರಿಗೆ ಅಂಟಿಕೊಂಡಿತ್ತು. ನಿವೃತ್ತಿಗೆ ಅವನಿಗಿನ್ನೂ ಹತ್ತು ವರ್ಷವಿತ್ತು.

"ಅದನ್ನ ಅವರನ್ನಽ ಕೇಳ್ರಿ," ಎಂದಳು ದಾನಮ್ಮ.

ಆದೇಶ ಬರಲು ದೀಪಾವಳಿಯಾಯಿತು. ದಾನಮ್ಮನ ನೇಮಕಾತಿ ರದ್ದು. ಲಕ್ಷ್ಮಪ್ಪನಿಗೆ ಒಂದು ಎಚ್ಚರಿಕೆ ಪತ್ರ, ಎರಡು ವರ್ಷ ಬಡ್ತಿ ಇಲ್ಲ. ಕಾರ್ಡು ಅಂಚೆಯಲ್ಲಿ ಕಳೆದಿರಬಹುದು ಎಂದು ವರದಿಯಲ್ಲಿತ್ತು. ಆ ಹುದ್ದೆಯನ್ನು ಮತ್ತೆ ತುಂಬಬೇಕೆಂದು ಯಾರಿಗೂ ಅನಿಸಲಿಲ್ಲ, ಉಳಿತಾಯದ ಹೆಸರಲ್ಲಿ ಅದನ್ನೇ ತೆಗೆದುಹಾಕಿದರು. ಅನುರಾಧಾಳಿಗೂ ಸಿಗಲಿಲ್ಲ. ಆ ವರ್ಷ ಹುಡುಗಿಯರ ಜೊತೆ ಆಫೀಸಿನ ಟೈಪಿಸ್ಟ್ ಒಬ್ಬಳು ಹೋದಳು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳಂತೆ. ಲಕ್ಷ್ಮಪ್ಪ ಹೆಂಡತಿಯೊಡನೆ ಎರಡು ತಿಂಗಳು ಮಾತು ಬಿಟ್ಟ. ಆಮೇಲೆ ಒಂದು ದಿನ ಉಪ್ಪು ಕೇಳಿದ. ಅಲ್ಲಿಂದ ಬೇಕಾದಷ್ಟು ಮಾತ್ರ ಮಾತು ಶುರುವಾಯಿತು.

ಮುಂದಿನ ಆಗಸ್ಟಿನಲ್ಲಿ ದಾನಮ್ಮ ಹುನಗುಂದಕ್ಕೆ ಹೋದಳು. ಅನುರಾಧಾ ಅಲ್ಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದಾಳೆ ಎಂದು ಮಲೀಕಸಾಬ ಹೇಳಿದ್ದ. ಮೈದಾನದ ಅಂಚಿನಲ್ಲಿ ಅವಳು ಸೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದಳು. ಮದುವೆಯಾಗಿತ್ತು, ಸ್ವಲ್ಪ ದಪ್ಪಗಾಗಿದ್ದಳು. ದಾನಮ್ಮನನ್ನು ಕಂಡು ಒಂದು ಗಳಿಗೆ ನಿಂತಲ್ಲೇ ನಿಂತು, ಆಮೇಲೆ ನಡೆದು ಬಂದಳು.

"ಬರ್ರಿ ಕಾಕಿ."

ಇಬ್ಬರೂ ಸ್ಟಾಫ್ ರೂಮಿನ ಹೊರಗಿನ ಕಟ್ಟೆಯ ಮೇಲೆ ಕೂತರು. ದಾನಮ್ಮ ಸುತ್ತುಬಳಸದೆ ಹೇಳಿದಳು. "ಆ ಕಾರ್ಡು ಪೋಸ್ಟಿಗೆ ಹೋಗಿರಲಿಲ್ಲವಾ. ಡ್ರಾದಾಗ ಇತ್ತು. ನೀ ಬಾಗಲಾಗ ನಿಂತು ಕೇಳಿದಾಗ ನನಗ ಗೊತ್ತಿತ್ತು."

ಅನುರಾಧಾ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನನಗೂ ಗೊತ್ತಿತ್ರಿ. ಮಲೀಕಸಾಬ ಕಾಕಾ ಹೇಳಿದ್ರು."

"ಮತ್ತ ದೂರಿನ್ಯಾಗ ಬರೀಲಿಲ್ಲ?"

"ಅವರ ನೌಕರಿ ಹೊಕ್ಕಿತ್ತಲ್ರಿ, ಮಲೀಕಸಾಬ ಕಾಕಾಂದು." ಬೆರಳಿನ ದಾರ ಬಿಚ್ಚಿ, "ನಿಮ್ಮ ಮ್ಯಾಲ ಸಿಟ್ಟಿನಿಂದ ಬರದದ್ದಲ್ರಿ ನಾ. ಸರ್ ಮ್ಯಾಲ."

"ಹೆಸರ ನಂದಿತ್ತಲ್ಲವಾ ಅದರಾಗ."

ಅನುರಾಧಾಳ ಕಣ್ಣು ಕೆಂಪಾಯಿತು. ಆ ಅಡುಗೆಯ ಸಾಲು ತನ್ನದಲ್ಲ ಎಂದಾಗಲಿ, ತನ್ನದೇ ಎಂದಾಗಲಿ ಅವಳು ಹೇಳಲಿಲ್ಲ. ದಾನಮ್ಮ ಕೇಳಲಿಲ್ಲ. ಮೈದಾನದಲ್ಲಿ ಹುಡುಗಿಯರು ಕಬಡ್ಡಿ ಅಂಕಣದ ಸುಣ್ಣದ ಗೆರೆ ತುಳಿದು ಕೆಡಿಸುತ್ತಿದ್ದರು. ಅನುರಾಧಾ ಒಮ್ಮೆ ಸೀಟಿ ಊದಿ ಅವರನ್ನು ಸರಿಸಿದಳು.

"ಬರೂ ತಿಂಗಳ ಇಳಕಲ್ಲಿನ್ಯಾಗ ತಾಲೂಕಾ ಮಟ್ಟದ ಆಟ ಅದಾವ್ರಿ. ಹದಿನಾರು ಹುಡುಗ್ಯಾರು. ನಾ ಒಬ್ಬಾಕೀನ. ನೀವು ಬಂದ್ರ..." ಎಂದು ನಿಲ್ಲಿಸಿದಳು. "ಸಾಲಿಯವರು ಏನೂ ಕೊಡೂದಿಲ್ರಿ, ಮದ್ಲಽ ಹೇಳ್ತೇನಿ."

ದಾನಮ್ಮ ಹುಡುಗಿಯರ ಕಡೆ ನೋಡಿದಳು. ಒಬ್ಬಳು ಮೊಣಕಾಲು ತರಚಿಕೊಂಡು ಕೂತಿದ್ದಳು, ಇನ್ನೊಬ್ಬಳು ಅದಕ್ಕೆ ಊದುತ್ತಿದ್ದಳು.

"ಇಲ್ಲವಾ," ಎಂದಳು. "ನನಗ ಸಾಕಾಗೇತಿ."

ಅನುರಾಧಾ ತಲೆಯಾಡಿಸಿದಳು. ಗೇಟಿನವರೆಗೂ ಜೊತೆಗೆ ಬಂದು, ಬಾಗಲಕೋಟೆಯ ಬಸ್ಸು ಎಷ್ಟಕ್ಕಿದೆ ಎಂದು ಜವಾನನನ್ನು ಕೇಳಿ ಹೇಳಿದಳು. ಅದು ಹೊರಡಲು ಇನ್ನೂ ಮುಕ್ಕಾಲು ತಾಸಿತ್ತು. ದಾನಮ್ಮ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ಮೇಲೆ ಎತ್ತಿಕೊಂಡಳು.