ಎಲೆ ಹೊಲಿದ ಬಾಯಿ

ಮುತ್ತುಗದ ಎಲೆಯನ್ನು ಬಿಸಿಲೇರುವ ಮುನ್ನ ಕೊಯ್ಯಬೇಕು. ಬಿಸಿಲು ಬಿದ್ದ ಮೇಲೆ ಕೊಯ್ದ ಎಲೆ ಹೊಲಿಯುವಾಗ ಸೀಳುತ್ತದೆ. ಆದ್ದರಿಂದ ಬಂಗಾರಪೇಟೆಯ ಆಚೆಗಿನ ಕೇರಿಯ ಹೆಂಗಸರು ಕೋಳಿ ಕೂಗುವ ಹೊತ್ತಿಗೇ ಗುಟ್ಟೆ ಹತ್ತುತ್ತಿದ್ದರು. ಆ ಗುಡ್ಡದ ಕಾಡಿನಲ್ಲಿ ಮುಳ್ಳಿತ್ತು, ಫಾರೆಸ್ಟ್ ಗಾರ್ಡ್ ಇದ್ದ. ಮುಳ್ಳು ಕಾಲಿಗಷ್ಟೇ ಚುಚ್ಚುತ್ತಿತ್ತು. ಗಾರ್ಡ್ ಒಂದು ಹೊರೆ ಎಲೆಯನ್ನು ತನ್ನದೆಂದು ಎತ್ತಿಟ್ಟುಕೊಂಡು, ಅದರ ಮೇಲೆ ನಾಲ್ಕು ಮಾತನ್ನೂ ಚುಚ್ಚಿ ಕಳಿಸುತ್ತಿದ್ದ.

ಹೊಲಿಯುವುದು ಮಧ್ಯಾಹ್ನದ ಕೆಲಸ. ಸೂಜಿಯಿಲ್ಲ, ದಾರವಿಲ್ಲ. ಪೊರಕೆಕಡ್ಡಿಯ ಸೀಳೇ ಸೂಜಿ, ಅದೇ ದಾರ. ಒಣಗಿದ ಕಡ್ಡಿ ಬಾಗುವುದಿಲ್ಲ, ಮುರಿಯುತ್ತದೆ. ಅದನ್ನು ತುಟಿಗಳ ನಡುವೆ ಹಿಡಿದು ಎಂಜಲಲ್ಲಿ ನೆನೆಸಬೇಕು. ನೆನೆದ ಕಡ್ಡಿಯನ್ನು ಎಲೆಗೆ ಚುಚ್ಚಿ, ಮಿಕ್ಕ ತುದಿಯನ್ನು ಹಲ್ಲಿನಿಂದ ಕಡಿಯಬೇಕು. ಎರಡು ಕೈಯೂ ಎಲೆ ಹಿಡಿದಿರುವಾಗ ಬಾಯಿಯೇ ಮೂರನೆಯ ಕೈ. ಕೇರಿಯಲ್ಲಿ ಹೆಣ್ಣುಮಕ್ಕಳು ಮಾತು ಕಲಿಯುವುದರ ಜೊತೆಗೇ ಬಾಯಲ್ಲಿ ಕಡ್ಡಿ ಹಿಡಿಯುವುದನ್ನೂ ಕಲಿಯುತ್ತಿದ್ದರು. ಕಡ್ಡಿ ಹಿಡಿದ ಬಾಯಿಗೆ ಮಾತು ಕಡಿಮೆ.

ಅಂಜಮ್ಮ ಹಾಗೆ ನಲವತ್ತು ವರ್ಷ ಹೊಲಿದಿದ್ದಳು. ಈಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಕೆಳತುಟಿಯ ಮೂಲೆಯಲ್ಲಿ, ಕಡ್ಡಿ ಕೂರುತ್ತಿದ್ದ ಜಾಗದಲ್ಲಿ, ಎರಡು ಮಳೆಗಾಲ ಕಳೆದರೂ ಮಾಯದ ಒಂದು ಹುಣ್ಣು. ಖಾರ ತಗುಲಿದರೆ ಪ್ರಾಣ ಹೋದಂತಾಗುತ್ತಿತ್ತು. ಅಂಬಲಿ ಕುಡಿದು ದಿನ ನೂಕುತ್ತಿದ್ದಳು. ಎಲೆ ಹೊಲಿಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬೆರಳಿನಲ್ಲೇ ನೋಡಿ ಹೊಲಿಯುತ್ತಿದ್ದಳು.

ಹೊಲಿದ ಎಲೆಯನ್ನು ಒಣಗಿಸಿ, ಕಲ್ಲಡಿ ಒತ್ತಿ, ಕಟ್ಟು ಕಟ್ಟಿ, ಸೊಸೆ ಪಿಳ್ಳಮ್ಮ ಮಾರಿಕುಪ್ಪಂ ರೈಲುಗಾಡಿ ಹತ್ತುತ್ತಿದ್ದಳು. ರಾಬರ್ಟ್‌ಸನ್ ಪೇಟೆಯ ಬಜಾರಿನಲ್ಲಿ ಆಗ ಎಷ್ಟು ಬಗೆಯ ಊಟ. ನೆಲದಡಿಯ ಚಿನ್ನ ದೇಶದ ಮೂಲೆಮೂಲೆಯಿಂದ ಜನರನ್ನು ಎಳೆದು ತಂದಿತ್ತು. ಜನರ ಹಿಂದೆ ಅವರವರ ಒಲೆಗಳೂ ಬಂದಿದ್ದವು. ಪಾಲಘಾಟಿನ ಅಯ್ಯರ ಹೋಟೆಲು, ನಾಯ್ಡು ಅವರ ಮಿಲಿಟರಿ ಹೋಟೆಲು, ಸಾಬರ ಬಿರಿಯಾನಿ ಅಂಗಡಿ, ಮಲಯಾಳಿಯ ಪುಟ್ಟು ಕಡಲೆ, ದೊರೆಗಳ ಕೇಕು ಬೇಯುವ ಬೇಕರಿ. ಗಣಿಯ ಸೈರನ್ ಕೂಗಿ ಪಾಳಿ ಬಿಟ್ಟಿತೆಂದರೆ ಬೀದಿಯಲ್ಲಿ ಸಾರಿನ ಒಗ್ಗರಣೆಯೂ ಅದಿರು ತೊಳೆದು ಸುರಿದ ಸೈನೈಡ್ ದಿಬ್ಬದ ಧೂಳೂ ಒಂದೇ ಗಾಳಿಯಲ್ಲಿ ತೇಲುತ್ತಿದ್ದವು.

ಪಿಳ್ಳಮ್ಮ ಕಂಡದ್ದು ಆ ಹೋಟೆಲುಗಳ ಹಿತ್ತಿಲನ್ನು ಮಾತ್ರ. ಒಣಗಿದ ಎಲೆಗೆ ಮೈಲಿಗೆಯಿಲ್ಲ, ನೀರು ಚಿಮುಕಿಸಿದರೆ ಮುಗಿಯಿತು ಎಂದು ಅಯ್ಯರು ತಾವೇ ಶಾಸ್ತ್ರ ಮಾಡಿಕೊಂಡಿದ್ದರು. ಹೊಲಿದವರಿಗೆ ಮೈಲಿಗೆಯಿತ್ತು. ಅದಕ್ಕೆ ನೀರು ಸಾಲದು.

ಅವಳು ಸಂಜೆ ಮನೆಗೆ ಬಂದರೆ ಅತ್ತೆಯದು ಒಂದೇ ವಿಚಾರಣೆ.

"ಪಿಳ್ಳೀ, ಅಯ್ಯರೋಟ್ಲಲ್ಲಿ ಇವತ್ತೇನು ಪಾಯ್ಸ?"

"ಸ್ಯಾವಿಗೇದು ಕಣತ್ತೆ. ವಾಸ್ನೆ ಬಂತು."

"ದ್ರಾಕ್ಸಿ ಆಕಿದ್ರಾ?"

"ಇತ್ಲ ಬಾಗ್ಲಿಗೆ ದ್ರಾಕ್ಸಿ ವಾಸ್ನೆ ಬರಲ್ಲ. ಸುಮ್ಕೆ ಅಂಬ್ಲಿ ಕುಡಿ."

ಅಂಜಮ್ಮ ಕುಡಿಯುತ್ತಿದ್ದಳು. ಕುಡಿದು, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. "ಮೊದ್ಲು ಉಪ್ಪು. ಆಮೇಲೆ ಪಲ್ಯ. ಆಮೇಲೆ ಅನ್ನ, ಸಾರು. ಕಡೇಗೆ ಪಾಯ್ಸ. ಇಕ್ಕೋನು ಕೂಗ್ಕೊಂಡು ಬತ್ತಾನೆ. ಇತ್ಲಲ್ಲಿ ನಿಂತು ಕೇಳಿ ಕೇಳಿ ನಂಗೆ ಬಾಯಿಪಾಠ. ನಾನೊಲ್ದ ಎಲೆ ಮುಂದೆ ಒಂದ್ಸಲ ಕೂತ್ಕಬೇಕು ಕಣೇ. ಬಾಯಿ ಪೂರ್ತಿ ಮುಚ್ಕಳಾದ್ರೊಳಗೆ."

ಪಿಳ್ಳಮ್ಮ ಮರುದಿನದ ಕಟ್ಟು ಕಟ್ಟುತ್ತಿದ್ದಳು. ಅತ್ತೆಯ ಆಸೆಗೆ ಉತ್ತರ ಸಿಕ್ಕಿದ್ದು ಬಂಗಾರಪೇಟೆ ಸ್ಟೇಷನ್ನಿನ ಗೋಡೆಯ ಮೇಲೆ. ಅಲ್ಲೊಂದು ಸರಕಾರದ ಕಾಗದ ಅಂಟಿಸಿದ್ದರು. ಓದಿ ಹೇಳಿದವನು ಆರುಮುಗಂ. ಅವನು ಮೈಸೂರು ಮೈನ್ಸಿನಲ್ಲಿ ನೆಲದಡಿಯ ಕೆಲಸಗಾರ, ಯೂನಿಯನ್ನಿನವನು, ಅದೇ ಗಾಡಿಯಲ್ಲಿ ದಿನಾ ಓಡಾಡುವವನು. ಜಾತಿಯಲ್ಲಿ ಕೇರಿಯವರಂಥವನೇ.

"ಯಾರು ಬೇಕಾದ್ರೂ ಓಟ್ಲೊಳಗೆ ಕೂತು ಉಣ್ಬೋದು ಅಂತೈತೆ ಅಕ್ಕಾ. ಬ್ಯಾಡ ಅಂದೋನಿಗೆ ಜೈಲು."

"ನೀನು ಉಂಡಿದ್ದೀಯಾ?"

"ದಿನಾ ಅಯ್ಯರತ್ರಾನೇ."

"ಕೇಳಲ್ವಾ ಯಾರೂ?"

ಆರುಮುಗಂ ತನ್ನ ಪ್ಯಾಂಟನ್ನು ತೋರಿಸಿ ನಕ್ಕ. "ಇದನ್ನ ಕೇಳ್ತಾರೆ. ಇದು ನಂಗಿಂತ ದೊಡ್ಡ ಜಾತಿ."

ಆ ವಾರ ಪಿಳ್ಳಮ್ಮ ಎಲೆಯ ಕಟ್ಟಿನ ಜೊತೆಗೆ ಅತ್ತೆಯನ್ನೂ ಗಾಡಿ ಹತ್ತಿಸಿದಳು. ಅಂಜಮ್ಮ ಒಗೆದ ಸೀರೆ ಉಟ್ಟಿದ್ದಳು. ಎಲ್ಲ ಹಿತ್ತಿಲುಗಳಿಗೂ ಎಲೆ ಹಾಕಿದ ಮೇಲೆ ಇಬ್ಬರೂ ಬಜಾರು ಸುತ್ತಿ ಮೊದಲ ಸಲ ಮುಂಬಾಗಿಲಿನ ಕಡೆ ಬಂದರು.

ಹತ್ತಿರವಿದ್ದದ್ದು ನಾಯ್ಡು ಹೋಟೆಲು. ನಾಯ್ಡು ಗಲ್ಲಾದಿಂದಲೇ ಕೈ ಅಡ್ಡ ಹಿಡಿದರು.

"ಏಮ್ಮಾ, ಎಲ್ಲಿಗೆ? ಊರೋರು ಉಣ್ತಾವ್ರೆ ಒಳಗೆ. ಅಗೋ, ಆ ತಡಿಕೆ ಪಕ್ಕ ಕೂತ್ಕಳಿ. ತಗಡು ತಟ್ಟೇಲಿ ಆಕುಸ್ತೀನಿ."

"ಎಲೆ ಆಕಲ್ವಾ ನಾಯ್ಡುಗಾರು? ಈಗ್ತಾನೆ ಕೊಟ್ವಲ್ಲ ಕಟ್ಟು."

"ಎಲೆ ಒಳಗಿನೋರಿಗೆ ಕಣಮ್ಮಾ," ಎಂದರು ನಾಯ್ಡು. ಕೆಟ್ಟ ಮನಸ್ಸಿನಿಂದಲ್ಲ. ಬಹಳ ಸರಳವಾದ ವಿಷಯವೊಂದು ಇವಳಿಗೆ ತಿಳಿಯುತ್ತಿಲ್ಲವಲ್ಲ ಎಂಬಂತೆ.

ಸಾಬರ ಅಂಗಡಿಯಲ್ಲಿ ಯಾರೂ ತಡೆಯಲಿಲ್ಲ. ಸಾಬರೇ ಬೆಂಚು ಒರೆಸಿದರು. "ಕೂತ್ಕೊಳ್ಳವ್ವಾ. ಪಲಾವು ಹಾಕ್ಲಾ? ಖಾರ ಆಗಲ್ವಾ? ಚಾಯಲ್ಲಿ ಬನ್ ಅದ್ದಿ ಕೊಡ್ತೀನಿ, ಬಾಯಿಗೆ ಮೆತ್ತಗಿರ್ತದೆ."

ಅಂಜಮ್ಮ ಬೆಂಚಿನ ಮೇಲೆ ಕೈಯಾಡಿಸಿದಳು. ಪಿಂಗಾಣಿ ತಟ್ಟೆಯೊಂದು ಕೈಗೆ ತಗುಲಿತು. "ಎಲೆ ಇಲ್ವೇನಪ್ಪಾ?"

"ನಮ್ಮತ್ರ ತಟ್ಟೇನೇ ಅವ್ವಾ, ಎಲ್ರಿಗೂ."

"ನಿನ್ನೊಟ್ಟೆ ತಣ್ಣಗಿರ್ಲಿ. ನಾನು ಎಲೆ ಮೇಲೆ ಉಣ್ಣಕ್ಕೆ ಬಂದೋಳು."

ಇಬ್ಬರೂ ಕುಡಿದ ಚಹಾಕ್ಕೆ ಸಾಬರು ಕಾಸು ತೆಗೆದುಕೊಳ್ಳಲಿಲ್ಲ. "ಎಲೆ ಇರೋ ಕಡೆ ಜಾಗ ಕೊಡ್ತಾರಾ ನೋಡಿ," ಎಂದಷ್ಟೇ ಅಂದರು.

ಅಯ್ಯರ ಹೋಟೆಲಿನಲ್ಲಿ ಊಟದ ಹೊತ್ತು. ಕಲ್ಲುಮೇಜುಗಳ ತುಂಬ ಜನ. ಅಯ್ಯರು ಪಿಳ್ಳಮ್ಮನನ್ನು ಬಾಗಿಲಲ್ಲೇ ಕಂಡರು.

"ಪಿಳ್ಳಮ್ಮಾ, ಮುಂದೇನು ನಿಂಗೆ ಕೆಲ್ಸ? ಹಿಂದೆ ಬಾ."

"ಎಲೆ ಇತ್ಲಲ್ಲೇ ಕೊಟ್ವಿ ಸ್ವಾಮಿ. ಈಗ ಊಟಕ್ಕೆ ಬಂದ್ವಿ. ದುಡ್ಡು ತಂದೀವಿ."

"ದುಡ್ಡು ಯಾರು ಕೇಳಿದ್ರು? ಹಿತ್ಲಿಗೆ ಬಾ, ಪಾತ್ರೆ ತುಂಬಾ ಹಾಕಿಸ್ತೀನಿ. ಧರ್ಮಕ್ಕೆ."

"ಧರ್ಮಕ್ಕೆ ಬ್ಯಾಡ ಸ್ವಾಮಿ."

ಒಳಗೆ ಆರುಮುಗಂ ಎಲೆಯ ಮುಂದೆ ಕೂತಿದ್ದ. ಪಿಳ್ಳಮ್ಮ ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿ ಅನ್ನ ಕಲಸಿದ. ಇನ್ನೂ ಸ್ವಲ್ಪ ಹೊತ್ತು ಕಲಸಿದ. ಆಮೇಲೆ ಎದ್ದು ನಿಂತ.

"ಸಾಮೀ, ಸ್ಟೇಷನ್ ಗೋಡೇಲಿ ಸರ್ಕಾರದ ಕಾಗ್ದ ಐತೆ. ಯೂನಿಯನ್ ಆಫೀಸ್ಗೂ ಒಂದು ಬಂದೈತೆ."

ಅಯ್ಯರು ಮೇಜುಗಳತ್ತ ಕಣ್ಣು ಹಾಯಿಸಿದರು. ಅರ್ಧ ಜನ ಯೂನಿಯನ್ನಿನವರು. ದಿನದ ಗಿರಾಕಿಗಳು. "ಆ ಮೂಲೆ," ಎಂದರು, ಕೈತೊಳೆಯುವ ನಲ್ಲಿಯ ಕಡೆ ಬೊಟ್ಟು ಮಾಡಿ. "ಬೇಗ ಉಂಡು ಎದ್ದೇಳಿ."

ಆರುಮುಗಂ ತನ್ನ ಎಲೆಗೆ ಮರಳಿದ. ಅಂಜಮ್ಮ ಕೂತಳು. ಎಲೆ ಬಂತು. ಅವಳು ಎರಡೂ ಅಂಗೈಯನ್ನು ಅದರ ಮೇಲಿಟ್ಟು, ಅಂಚಿನ ಸುತ್ತ ಬೆರಳಾಡಿಸಿದಳು. ಮೊಮ್ಮಗುವಿನ ತಲೆ ಸವರುವ ಹಾಗೆ.

"ಇದು ನಂದೇ ಕಣೇ ಪಿಳ್ಳೀ. ಕಡ್ಡಿ ಒಳಕ್ಕೆ ಮಡಿಸೀನಿ ನೋಡು, ಉಣ್ಣೋರ ಕೈಗೆ ಚುಚ್ಚಬಾರ್ದು ಅಂತ."

ಅದೇ ಮೇಜಿನ ಪಕ್ಕದ ಬೆಂಚಿನಲ್ಲಿ ಮೈನಿನ ಆಫೀಸಿನ ಗುಮಾಸ್ತ ರಾಮಚಂದ್ರಪ್ಪ ಬಂದು ಕೂತರು. ಮಬ್ಬುಬೆಳಕಿನ ಮೂಲೆ; ಪಕ್ಕದಲ್ಲಿರುವವರು ಯಾರೆಂದು ಅವರು ನೋಡಲಿಲ್ಲ. ಎಲೆ ಹಾಕಿಸಿಕೊಂಡರು, ನೀರು ಚಿಮುಕಿಸಿದರು. ನೀರು ಎಲೆಯ ಸೀಳಿನಿಂದ ಇಳಿದು ಮೇಜಿನ ಮೇಲೆ ಹರಿದು ಅಂಜಮ್ಮನ ಮುಂಗೈಗೆ ತಣ್ಣಗೆ ತಾಗಿತು.

ಆಗ ಅಂಜಮ್ಮ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಸೋರುವ ಎಲೆ ಕೈಗೆ ತಗುಲಿದರೆ ಆ ಕೈ ಸುಮ್ಮನಿರಲು ಕಲಿತಿರಲಿಲ್ಲ. ಪಕ್ಕದ ಎಲೆಯನ್ನು ತನ್ನತ್ತ ಎಳೆದುಕೊಂಡಳು. ತನ್ನ ಎಲೆಯ ಅಂಚಿನಿಂದ ಒಂದು ಕಡ್ಡಿ ಕಿತ್ತಳು. ಬಾಯಿಗಿಟ್ಟು, ಹುಣ್ಣಿನ ಪಕ್ಕದಲ್ಲಿ ಹೊರಳಿಸಿ ನೆನೆಸಿದಳು. ಸೀಳಿಗೆ ಚುಚ್ಚಿ ತೆಗೆದು, ತುದಿಯನ್ನು ಹಲ್ಲಿನಿಂದ ಕಡಿದು, ಎಲೆಯನ್ನು ಅವರ ಮುಂದಕ್ಕೆ ತಳ್ಳಿದಳು.

"ಈಗ ಉಣ್ಣಿ ಬುದ್ಧಿ. ಇಲ್ದಿದ್ರೆ ಸಾರೆಲ್ಲ ಪಂಚೆಗೇ ಸೋರೋದು."

ರಾಮಚಂದ್ರಪ್ಪ ಎದ್ದ ರಭಸಕ್ಕೆ ಬೆಂಚು ಬಿತ್ತು.

"ಎಂಜಲು. ಎಂಜಲು ಮಾಡಿ ಕೊಡ್ತಾಳೆ ಈ ಮುದುಕಿ, ಅಯ್ಯರೇ."

ಕೈಗಳು ಬಾಯ ಬಳಿ ನಿಂತವು. ಎಲ್ಲರೂ ತಮ್ಮ ತಮ್ಮ ಎಲೆಯನ್ನು ನೋಡಿಕೊಂಡರು. ಅಲ್ಲಿದ್ದ ಒಂದೊಂದು ಎಲೆಯಲ್ಲೂ ಅಂಥದೇ ಕಡ್ಡಿಗಳು, ಅಂಥದೇ ಕಡಿದ ತುದಿಗಳು.

ಅಯ್ಯರು ಮೂಲೆಗೆ ಓಡಿಬಂದರು. ಪಿಳ್ಳಮ್ಮನ ಹತ್ತಿರ ಬಗ್ಗಿ, ಅವಳಿಗಷ್ಟೇ ಕೇಳುವಂತೆ ನುಡಿದರು. "ನಂಗೆಲ್ಲಾ ಗೊತ್ತು ಪಿಳ್ಳಮ್ಮಾ. ನಿಮ್ಮ ಕೇರಿ ಪಕ್ಕ ಓಡಾಡಿದೋನು ನಾನು, ನೋಡಿದೀನಿ. ನಾನು ಬಾಯಿ ಬಿಟ್ನಾ? ನೀನೂ ಬಿಡಬೇಡ. ಮುದುಕಿಗೆ ಬುದ್ಧಿ ಸ್ಥಿಮಿತ ಇಲ್ಲ, ಕಡ್ಡಿ ನಾವು ನೀರಲ್ಲಿ ನೆನೆಸ್ತೀವಿ ಅಂತ ಜೋರಾಗಿ ಹೇಳು. ಎಳ್ಕೊಂಡು ಹೊರಟ್ಹೋಗು. ನಾಳೆಯಿಂದ ಎಂದಿನ ಹಾಗೆ ಎಲೆ ತಾ. ಇಲ್ದಿದ್ರೆ ನಿನ್ನ ಕೇರಿಗೆ ಕೇರೀನೇ ಉಪವಾಸ ಬೀಳುತ್ತೆ."

ಅದು ನಿಜವೆಂದು ಪಿಳ್ಳಮ್ಮನಿಗೆ ಗೊತ್ತಿತ್ತು. ಕೇರಿಯ ಅಷ್ಟೂ ಒಲೆ ಉರಿಯುತ್ತಿದ್ದುದು ಈ ಎಲೆಯಿಂದಲೇ. ಒಂದು ಸುಳ್ಳು ಹೇಳಿದರೆ ಸಾಕು. ಅತ್ತೆ ಹುಚ್ಚಿಯಾಗುತ್ತಾಳೆ, ಅಷ್ಟೇ. ಅವಳು ಅತ್ತೆಯತ್ತ ತಿರುಗಿದಳು. ಸುತ್ತಲಿನ ಗದ್ದಲವನ್ನು ಕಿವಿಗೆ ಹಾಕಿಕೊಳ್ಳದೆ ಅಂಜಮ್ಮ ಎಲೆಯ ಮುಂದೆ ನೆಟ್ಟಗೆ ಕೂತಿದ್ದಳು. ಮೊದಲು ಬರಬೇಕಾದ ಉಪ್ಪಿಗೆ ಕಾಯುತ್ತಿದ್ದಳು.

"ನಮ್ಮತ್ತೆ ಬುದ್ಧಿ ನೆಟ್ಟಗೈತೆ," ಎಂದಳು ಪಿಳ್ಳಮ್ಮ. ಅವಳ ದನಿ ಏರಲಿಲ್ಲ, ಆದರೆ ಗಲ್ಲಾದವರೆಗೂ ಕೇಳಿತು. "ಆ ಕಡ್ಡಿ ಒಂದೇ ಅಲ್ಲ ಬುದ್ಧಿ. ಎಲ್ಲಾ ಕಡ್ಡೀನೂ ನಮ್ ಬಾಯಲ್ಲೇ ನೆನೆಯೋದು. ನಿಮ್ಮಪ್ಪ ಉಂಡಿದ್ದೂ ನಮ್ಮತ್ತೆ ಎಂಜ್ಲೇಯ, ನೀವುಣ್ತಿರೋದೂ ಅದೇಯ. ಯಾರ್ಗಾದ್ರೂ ಒಟ್ಟೆ ನೋಯ್ತಾ ಇಷ್ಟು ದಿನ?"

ಒಬ್ಬ ನಲ್ಲಿಗೆ ಓಡಿ ಕಾರಿದ. ನೆನ್ನೆಯವರೆಗೆ ಅರಗಿದ್ದು ಇಂದು ಅರಗಲಿಲ್ಲ. ಒಬ್ಬೊಬ್ಬರೇ ಎದ್ದರು. ಯೂನಿಯನ್ನಿನವರೂ ಎದ್ದರು. ಕೂತು ಉಳಿದವನು ಆರುಮುಗಂ ಮಾತ್ರ.

"ಏಳಯ್ಯಾ, ನಿನಗೆ ಹೇಸಿಗೆಯಿಲ್ವೇ?" ಎಂದರು ರಾಮಚಂದ್ರಪ್ಪ.

"ನಾನೂ ಅವರೋನೇ ಸಾರ್. ಇಷ್ಟ್ ದಿನ ನಿಮ್ ಪಕ್ಕಾನೇ ಕೂತು ಉಂಡೆ."

ಹಾಗೆಂದು ತನ್ನ ಎಲೆಯ ಪಕ್ಕದ ಲೋಟವನ್ನೆತ್ತಿಕೊಂಡು ಬಂದು, ಅದರಲ್ಲಿದ್ದ ಪಾಯಸವನ್ನು ಅಂಜಮ್ಮನ ಎಲೆಗೆ ಸುರಿದ. ಕಡ್ಡಿ ಕಿತ್ತ ಕಡೆಯಿಂದ ಸ್ವಲ್ಪ ಸೋರಿತು. ಅಂಜಮ್ಮ ಅಲ್ಲಿಗೆ ಬೆರಳು ಅಡ್ಡವಿಟ್ಟು ಬಳಿದು ಬಾಯಿಗಿಟ್ಟಳು. ನುಂಗಿದಳು. ಇನ್ನೊಮ್ಮೆ ಬಳಿದು ರುಚಿ ನೋಡಿದಳು.

"ಇಷ್ಟೇನಾ ಕಣೇ ಪಿಳ್ಳೀ? ಬೆಲ್ಲಾನೇ ಇಲ್ಲ."

ಅಯ್ಯರು ಪೊಲೀಸಿನವನನ್ನು ಕರೆಸಿದರು. ಗೋಡೆಯ ಕಾಗದದಲ್ಲಿ ಬರೆದಿದ್ದ ಅಪರಾಧಕ್ಕಲ್ಲ. ಹೋಟೆಲಿನ ಊಟ ಕೆಡಿಸಿದ ಅಪರಾಧಕ್ಕೆ. ಅತ್ತೆ ಸೊಸೆಯರನ್ನು ಅವನು ಸಂಜೆಯ ಗಾಡಿಯವರೆಗೆ ಠಾಣೆಯ ಮುಂದೆ ಬಿಸಿಲಲ್ಲಿ ಕೂರಿಸಿದ. ಆರುಮುಗಂ ಅವರ ಪಕ್ಕದಲ್ಲಿ ತಾನಾಗಿಯೇ ಕೂತ.

ಮಾರನೆಯ ವಾರ ಅಯ್ಯರ ಹೋಟೆಲಿಗೆ ಎವರ್‌ಸಿಲ್ವರ್ ಎಂದು ಕರೆಯುವ ಸ್ಟೀಲು ತಟ್ಟೆಗಳು ಬಂದವು. ನಾಯ್ಡು ಅವರೂ ತರಿಸಿದರು. ಆ ತಟ್ಟೆಗಳನ್ನು ಬೆಳಗಲು ಹಿತ್ತಿಲಿಗೆ ಕೇರಿಯ ಹೆಂಗಸರು ಆಗಬಹುದೆಂದು ಅಯ್ಯರು ಹೇಳಿಕಳಿಸಿದರು. ಬೂದಿ ಹಾಕಿ ತಿಕ್ಕಿದರೆ ಮೈಲಿಗೆಯಿಲ್ಲವಂತೆ. ಹೊಸ ಶಾಸ್ತ್ರ.

ಹಿಂದಕ್ಕೆ ಬಂದ ಕಟ್ಟುಗಳನ್ನು ಹೊತ್ತು ಹೆಂಗಸರು ಪಿಳ್ಳಮ್ಮನ ಗುಡಿಸಲ ಮುಂದೆ ನೆರೆದರು. ಅವರಲ್ಲೊಬ್ಬಳು, ನರಸಮ್ಮ, ತನ್ನ ಕಟ್ಟನ್ನು ಪಿಳ್ಳಮ್ಮನ ಕಾಲ ಬಳಿ ಎಸೆದಳು.

"ನಿಮ್ಮತ್ತೆ ಬಾಯಿ ಚಪಲಕ್ಕೆ ನಮ್ ಮಕ್ಳ ಒಟ್ಟೆ ಮ್ಯಾಲೆ ಒಡುದ್ಯಲ್ಲೇ. ಏನಿಕ್ಕಲಿ ಅವಕ್ಕೆ? ಈ ಎಲೇನೇ ಇಕ್ಕಲಾ?"

ಒಳಗಿನಿಂದ ಅಂಜಮ್ಮ ಗೋಡೆ ಹಿಡಿದು ಬಂದಳು.

"ನರ್ಸೀ, ಇಲ್ಲಿ ಬಾ. ಬಾಯಿ ತೋರ್ಸು."

"ಯಾಕೆ?"

"ತೋರ್ಸೇ."

ಅಂಜಮ್ಮ ಬೆರಳಿನಿಂದ ನರಸಮ್ಮನ ಕೆಳತುಟಿಯನ್ನು ತಡವಿದಳು. ಮೂಲೆಯಲ್ಲಿ ಬೆರಳು ನಿಂತಿತು. ನರಸಮ್ಮ ಮುಖ ಹಿಂದಕ್ಕೆ ಎಳೆದುಕೊಂಡಳು.

"ನಿಂಗೂ ಬಂದೈತೆ," ಎಂದಳು ಅಂಜಮ್ಮ. "ನಂಗೂ ಇಂಗೇ ಸಾಸ್ವೆಕಾಳಷ್ಟಿತ್ತು ಮೊದ್ಲು."

ಅಲ್ಲಿ ನಿಂತಿದ್ದ ಹೆಂಗಸರೆಲ್ಲ, ಒಬ್ಬರನ್ನೊಬ್ಬರು ನೋಡದೆ, ತಮ್ಮ ತಮ್ಮ ತುಟಿಯ ಮೂಲೆಯನ್ನು ಮುಟ್ಟಿ ನೋಡಿಕೊಂಡರು. ನರಸಮ್ಮ ಬಗ್ಗಿ, ಎಸೆದ ಕಟ್ಟನ್ನು ಮತ್ತೆ ತಲೆಗೇರಿಸಿದಳು.

ಮರುದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಬಾಬು ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಕೇರಿಗೆ ಕೇರಿಯೇ ಬಂದು ನಿಂತಿತ್ತು. ಎಲ್ಲರ ತಲೆಯ ಮೇಲೂ ಎಲೆಯ ಕಟ್ಟು. ಆರುಮುಗಂ ಕಾಗದವನ್ನು ಗೋಡೆಯಿಂದ ಹುಷಾರಾಗಿ ಬಿಡಿಸಿ ಮಡಿಸಿಕೊಳ್ಳುತ್ತಿದ್ದ. ಸಾಲಿನ ಮುಂದೆ, ಸೊಸೆಯ ಭುಜ ಹಿಡಿದು, ಅಂಜಮ್ಮ.

"ಪೇಟೇಲೆಲ್ಲಾ ತಟ್ಟೆ ಬಂದ್ವಂತೆ," ಎಂದ ಬಾಬು. "ಇಷ್ಟೊಂದು ಎಲೇನ ಯಾರಿಗಮ್ಮಾ ಮಾರ್ತೀರಿ?"

"ಮಾರಕ್ಕಲ್ಲ ಸ್ವಾಮಿ," ಎಂದಳು ಪಿಳ್ಳಮ್ಮ. "ಓಟ್ಲೊಳಗೆ ಕೂತು ಉಣ್ಣಕ್ಕೆ."