ಪುಟ್ಟರಾಜುವಿನ ಮೂಗು

ಉತ್ತರ ತಮ್ಮಯ್ಯನ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಎದ್ದು ನಿಂತು, ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತ, "ಗೊತ್ತಿಲ್ಲ ಸಾ" ಅಂದುಬಿಟ್ಟ. ಗೊತ್ತಿದ್ದೂ ಗೊತ್ತಿಲ್ಲ ಅನ್ನುವ ಹುಡುಗ ಇಡೀ ಹೊಳೆನರಸೀಪುರದಲ್ಲಿ ಇವನೊಬ್ಬನೇ ಇರಬೇಕು. ಪೆದ್ದನಲ್ಲ, ಪಾಪ. ಹೆದರಿದ್ದ.

ಹೆದರಿಕೆಯ ಮೂಲ ಚಂದ್ರಯ್ಯ ಮೇಷ್ಟರ ಕಾನೂನು. ಅವರು ಬಾಯಿಲೆಕ್ಕ ಕೇಳುತ್ತಿದ್ದರು. ಉತ್ತರ ಹೇಳಿದವನು, ಹೇಳಲಾರದೆ ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಬಾರಿಸಿದರೆ ಮೇಷ್ಟರೇ ಎದ್ದು ಬಂದು, ಹೀಗಲ್ಲವೋ, ಹೀಗೆ ಎಂದು ಅವನಿಗೇ ಬಾರಿಸಿ ತೋರಿಸುತ್ತಿದ್ದರು. ಆ ಕಾಲದಲ್ಲಿ ಎಲ್ಲ ಕಡೆ ಇದ್ದ ಶಿಕ್ಷೆಯೇ ಅನ್ನಿ, ಹುಡುಗರು ಸಂಜೆಯ ಹೊತ್ತಿಗೆ ಮರೆತುಬಿಡುತ್ತಿದ್ದರು. ಆದರೆ ಲೆಕ್ಕ ಬಾರದೆ ದಿನಾ ಮೊದಲು ನಿಲ್ಲುತ್ತಿದ್ದವನು ಪುಟ್ಟರಾಜು. ಅವನಪ್ಪ ಚನ್ನಪ್ಪನ ಗದ್ದೆಯಲ್ಲೇ ತಮ್ಮಯ್ಯನ ಅಪ್ಪ ಕೆಂಚಯ್ಯ ಜೀತಕ್ಕಿದ್ದ. ಕೇರಿಯ ಹುಡುಗ ಯಜಮಾನರ ಮಗನ ಮೂಗು ಹಿಡಿಯುವುದುಂಟೇ?

ಶಾಲೆ ಶುರುವಾದ ಮೊದಲ ವಾರವೇ ಪುಟ್ಟರಾಜು ಅವನನ್ನು ಸೇತುವೆಯ ಮೇಲೆ ಅಡ್ಡಗಟ್ಟಿದ್ದ. ಅವನ ಜೊತೆಯ ಇಬ್ಬರು ತಮ್ಮಯ್ಯನ ಚೀಲ ಕಸಿದುಕೊಂಡು ಹೇಮಾವತಿಯ ಮೇಲೆ ತೂಗಾಡಿಸುತ್ತಿದ್ದರು.

"ನೀನೇನಾರ ಉತ್ರ ಏಳಿ ನನ್ ಮೂಗು ಮುಟ್ದೆ ಅನ್ನು, ಆ ಕೈಯ ಇಲ್ಲೇ ಮುರ್ದು ಒಳೆಗೆ ಎಸೀತೀನಿ ಕಣ್ಲಾ. ಆಮೇಲೆ ನಿಮ್ಮಪ್ಪ ನಮ್ ಗದ್ದೆಗೆ ಎಂಗೆ ಕಾಲಿಕ್ತಾನೋ ನೋಡ್ತೀನಿ."

ಅವತ್ತಿನಿಂದ ತಮ್ಮಯ್ಯನ ಬಾಯಿಗೆ ಬೀಗ. ಏಟಂತೂ ದಿನಾ ಬೀಳುತ್ತಿತ್ತು. ಅದರಲ್ಲೂ ಭೇದ ನೋಡಿ! ಬೇರೆಯವರ ಕೆನ್ನೆಗೆ ಕೈ, ಇವನ ಕೆನ್ನೆಗೆ ಮಾತ್ರ ಮೇಷ್ಟರ ಮೇಜಿನ ಮೇಲಿನ ರೂಲುದೊಣ್ಣೆ. ಇವನ ಮೂಗನ್ನು ಯಾರು ಮುಟ್ಟುತ್ತಾರೆ! ಥೂ, ಹೊಡೆಯುವುದಕ್ಕೂ ಮಡಿಯಂತೆ.

ಶನಿವಾರ ಮೇಷ್ಟರಿಗೆ ರೇಗಿಹೋಯಿತು. "ಸೋಮವಾರವೂ ನಿನ್ನ ಬಾಯಿಂದ ಉತ್ತರ ಬರಲಿಲ್ಲ ಅಂದ್ರೆ ಪಬ್ಲಿಕ್ ಪರೀಕ್ಷೆಗೆ ನಿನ್ನ ಹೆಸರು ಕಳಿಸೋದಿಲ್ಲ. ಹೋಗಿ ದನ ಕಾಯಿ" ಅಂದರು. ಅಲ್ಲಿಗೆ ಮುಗಿಯಿತು. ಪರೀಕ್ಷೆಗೆ ಕೂರದಿದ್ದರೆ ಅಪ್ಪನ ಹಿಂದೆ ಚನ್ನಪ್ಪನ ಕೊಟ್ಟಿಗೆ ಇದ್ದೇ ಇತ್ತು. ಬಾಯಿ ಬಿಟ್ಟರೆ ಕೈ ಹೋಗುತ್ತದೆ, ಬಿಡದಿದ್ದರೆ ಬಾಳೇ ಹೋಗುತ್ತದೆ. ಇತ್ತ ದರಿ, ಅತ್ತ ಪುಲಿ. ಭಾನುವಾರ ಅವ್ವ ಇಟ್ಟ ಮುದ್ದೆಯನ್ನು ಮುಟ್ಟದೆ ಎದ್ದ.

ಮನೆಯಲ್ಲಿ ಸೋದರಮಾವ ಮಂಚಯ್ಯನ ತಗಡಿನ ಪೆಟ್ಟಿಗೆ ಒಂದಿತ್ತು. ಯುದ್ಧದ ಕಾಲದಲ್ಲಿ ಪಟಾಲಮ್ಮಿನ ಅಡುಗೆಯವನಾಗಿ ಸಿಂಗಾಪುರಕ್ಕೆ ಹೋಗಿ, ಜಪಾನಿನವರ ಕೈಗೆ ಸೆರೆಸಿಕ್ಕಿ, ಮೂಳೆಚಕ್ಕಳವಾಗಿ ಬಂದ ಮನುಷ್ಯ ಅವನು. ಅವನು ತಂದದ್ದು ಒಂದೇ ಒಂದು ಚಿತ್ರದ ಪುಸ್ತಕ. ಕಾವಲಿನ ಹುಡುಗನೊಬ್ಬ ಕೊಟ್ಟದ್ದಂತೆ. ಜಪಾನಿ ಅಕ್ಷರ ಯಾರಿಗೆ ಬರಬೇಕು? ತಮ್ಮಯ್ಯ ಚಿತ್ರಗಳನ್ನೇ ಓದುತ್ತಿದ್ದ. ಮೊದಲ ಹಾಳೆಯಲ್ಲಿ ಕತ್ತಿ ಹಿಡಿದ ವೀರ, ರೆಕ್ಕೆಯ ಹಾವನ್ನೇರಿ ಬೆಟ್ಟದ ಮೇಲೆ ಹಾರುತ್ತಾನೆ. ಹಾಳೆ ತಿರುವಿದಂತೆಲ್ಲ ಅವನು ಚಿಕ್ಕವನಾಗುತ್ತಾನೆ, ಕತ್ತಿ ಕಳೆಯುತ್ತಾನೆ, ಹಾವು ಮೊಟ್ಟೆಯೊಳಗೆ ಸೇರುತ್ತದೆ. ಕೊನೆಗೆ ಟೋಪಿ ಹಾಕಿದ ಪುಟ್ಟ ಶಾಲೆ ಹುಡುಗ. ಮೂವರು ಅವನ ಚೀಲ ತುಳಿಯುತ್ತಿದ್ದಾರೆ, ಅವನು ಅಳುತ್ತಿದ್ದಾನೆ.

ಎಂಥ ಕೆಟ್ಟ ಕಥೆ! ರೆಕ್ಕೆಯ ಹಾವನ್ನೇರಿದವನ ಗತಿಯೇ ಹೀಗಾದರೆ ನನ್ನದೇನು ಎಂದು ತಮ್ಮಯ್ಯನಿಗೆ ಆ ಕೊನೆಯ ಹಾಳೆ ಕಂಡಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಆ ಭಾನುವಾರ ನೋಡುತ್ತ ನೋಡುತ್ತ ಅತ್ತೇಬಿಟ್ಟ.

ಮಂಚಯ್ಯ ಬೀಡಿ ಆರಿಸಿ ಬಂದ. "ಯಾಕ್ಲಾ ಅಳ್ತೀಯೆ?"

"ಈ ಉಡುಗ ಕಡೀಗೆ ಏಟು ತಿಂತಾನಲ್ಲ ಮಾವ."

"ಕಡೀಗಾ?" ಮಂಚಯ್ಯ ಪುಸ್ತಕ ಕಸಿದುಕೊಂಡು ನೋಡಿ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಬೆಪ್ಪುತಕ್ಕಡಿ! ಜಪಾನಿನೋರು ಬಲಗಡೆಯಿಂದ ಓದ್ತಾರೆ ಕಣ್ಲಾ. ನೀನು ಕಡೆ ಅಂತೀಯಲ್ಲ, ಅದೇ ಮೊದ್ಲು. ಏಟು ತಿಂದೋನೇ ಕಡೀಗೆ ಆವಿನ ಮ್ಯಾಲೆ ಏರ್ದ. ನೀನು ಇಂದುಮುಂದಾಗಿ ಓದ್ಕಂಡು ಗೋಳಾಡ್ತಿದ್ದೀಯ."

ಹಾಗೆಂದು ತಮ್ಮಯ್ಯನ ಭಯ ಹಾರಿಹೋಯಿತೆ? ಎಲ್ಲಿಯ ಮಾತು! ಸೋಮವಾರ ಶಾಲೆಯ ಮೆಟ್ಟಿಲು ಹತ್ತುವಾಗ ಅಂಗೈ ಬೆವರಿ ಬಳಪ ಜಾರುತ್ತಿತ್ತು. ಆದರೆ ಅಳುವ ಹುಡುಗನದು ಮೊದಲ ಹಾಳೆ ಅನ್ನುವ ಮಾತೊಂದು ಒಳಗೆ ಕೂತುಬಿಟ್ಟಿತ್ತು.

"ಆರಾಳು ಹತ್ತು ದಿನದಲ್ಲಿ ಕುಯ್ಯೋ ಗದ್ದೆ, ನಾಲ್ಕಾಳಿಗೆ ಎಷ್ಟು ದಿನ?" ಚಂದ್ರಯ್ಯ ಮೇಷ್ಟರು ಕೇಳಿದರು. ಪುಟ್ಟರಾಜು ಎದ್ದು ಸೂರು ನೋಡಿದ. ಮೇಷ್ಟರ ಬೆರಳು ತಮ್ಮಯ್ಯನತ್ತ ತಿರುಗಿತು.

"ಅದಿನೈದು ಸಾ."

ದನಿ ಕೀರಲಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ಮೇಷ್ಟರಿಗೂ ಕೇಳಿಸಿತು, ತಮ್ಮ ಕಾನೂನು ಎಲ್ಲಿಗೆ ಬಂದು ನಿಂತಿತೆಂದು ಅವರಿಗೆ ಆಗಲೇ ಹೊಳೆದದ್ದು. ಪುಟ್ಟರಾಜುವನ್ನು ನೋಡಿದರು, ತಮ್ಮಯ್ಯನನ್ನು ನೋಡಿದರು, ಮೆಲ್ಲಗೆ ರೂಲುದೊಣ್ಣೆ ಎತ್ತಿ ಇವನ ಮುಂದೆ ಚಾಚಿದರು. "ಇದರಲ್ಲಿ ಹೊಡಿ."

ತಮ್ಮಯ್ಯ ದೊಣ್ಣೆ ಇಸಿದುಕೊಂಡ. ಈ ದೊಣ್ಣೆ ಎಷ್ಟು ಸಲ ತನ್ನ ಕೆನ್ನೆಗೆ ಬಿದ್ದಿದೆಯೆಂದು ನೆನೆದು ಅವನಿಗೆ ಸಿಟ್ಟು ಬಂತು. ಭಯದ ಜೊತೆಗೇ ಬಂತು. ದೊಣ್ಣೆಯನ್ನು ಮೇಜಿನ ಮೇಲಿಟ್ಟು ಪುಟ್ಟರಾಜುವಿನ ಎದುರು ಹೋಗಿ ನಿಂತ. ಪುಟ್ಟರಾಜು ಕಣ್ಣು ಮುಚ್ಚಿದ. ತಮ್ಮಯ್ಯ ಎಡಗೈ ಚಾಚಿ ಅವನ ಮೂಗು ಹಿಡಿದ. ಬೆಚ್ಚಗಿತ್ತು, ಬೆವರಿತ್ತು, ಎಲ್ಲರ ಮೂಗಿನ ಹಾಗೇ ಇತ್ತು.

"ಇಡ್ದೆ ಸಾ. ವಡಿಯಾಕಿಲ್ಲ" ಎಂದು ಮೂಗು ಬಿಟ್ಟ.

ಮೆಲ್ಲಗೆ ಬಾರಿಸಿದವನಿಗೇ ಬಾರಿಸುತ್ತಿದ್ದ ಮೇಷ್ಟರು, ಬಾರಿಸದೆ ಬಿಟ್ಟವನಿಗೆ ಏನೂ ಮಾಡಲಿಲ್ಲ. "ಹೂಂ, ಕೂತ್ಕೋ. ಹೆಸರು ಕಳಿಸ್ತೀನಿ" ಎಂದು ಬೋರ್ಡಿನ ಕಡೆ ತಿರುಗಿದರು.

ಸಂಜೆ ಬೇರೆ ದಾರಿಯಿರಲಿಲ್ಲ. ಸೇತುವೆಯ ನಡುವೆ ಪುಟ್ಟರಾಜು ನಿಂತಿದ್ದ, ಜೊತೆಗೆ ಯಾರೂ ಇಲ್ಲ. ತಮ್ಮಯ್ಯ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡ. ಸತ್ತೆ ಅಂದುಕೊಂಡೇ ಮುಂದೆ ನಡೆದ.

ಪುಟ್ಟರಾಜು ಹತ್ತಿರ ಬಂದ. ಕಣ್ಣು ಕೆಂಪಾಗಿದ್ದವು.

"ಲೋ ತಮ್ಮಯ್ಯ, ನೀನು ನನ್ನ ಮುಟ್ಟಿದ್ದ ಯಾರ್ಗೂ ಏಳ್ಬ್ಯಾಡ ಕಣ್ಲಾ. ಕ್ಲಾಸಿನ್ ಉಳ್ದೋರ್ ಬಾಯಿ ನಾನು ಮುಚ್ಚುಸ್ತೀನಿ. ನಮ್ಮಪ್ಪಂಗೆ ಗೊತ್ತಾದ್ರೆ ನನ್ ಚರ್ಮ ಸುಲ್ದಾಕ್ತಾನೆ. ನಿನ್ನ ದಮ್ಮಯ್ಯ ಅಂತೀನಿ."

ತಮ್ಮಯ್ಯ ಅವನ ಮುಖವನ್ನೇ ನೋಡಿದ. ಇಷ್ಟು ದಿನ ಏಟು ತಿಂದು ಬಾಯಿ ಮುಚ್ಚಿಕೊಂಡದ್ದು ಈ ಅಂಜುಬುರುಕನಿಗಾಗಿಯೇ? ಅಳು ಬಂತು, ನಗುವೂ ಬಂತು.

"ಏಳಾಕಿಲ್ಲ ಬುಡು" ಅಂದ. ದಾಟಿ ಮುಂದೆ ಹೋದವನು ತಿರುಗಿ ನಿಂತ. "ಆದ್ರೆ ನಾಳಿನ್ ಲೆಕ್ಕಾನೂ ನಂಗೆ ಬತ್ತದೆ ಕಣ್ಲಾ."